ತಲೆಯ ಮೇಲೆ ಕೈಯಿಟ್ಟರೆ ಕ್ಷೇಮ

ಮದ್ದೂರು ಬಿಡುವಾಗ

ಆಷಾಢದಲ್ಲಿ ಹೊಸದಾಗಿ ಏನನ್ನೂ ಶುರು ಮಾಡಬಾರದು ಎನ್ನುವುದು ನಮ್ಮತ್ತೆಯ ಖಚಿತ ಅಭಿಪ್ರಾಯ. ಟೈರ್ ಕಂಪನಿಯವರಿಗೆ ಮಾತ್ರ ಆಷಾಢವೇ ಪ್ರಶಸ್ತ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಡೀಲರುಗಳು ಅಂಗಡಿಯಲ್ಲಿ ನೊಣ ಹೊಡೆಯುತ್ತಾ ಕೂತಿರುತ್ತಾರೆ. ಅವರನ್ನು ವಿಮಾನ ಹತ್ತಿಸಿ ಎಲ್ಲಿಗೆ ಸಾಗಿಸಿದರೂ ಬೇಡ ಎನ್ನುವವರಿಲ್ಲ. ಹೀಗಾಗಿ ಮದ್ದೂರಿನಲ್ಲಿ ಟೈರ್ ಶಿವಣ್ಣ ಎಂದೇ ಹೆಸರಾದ ನಮ್ಮವರಿಗೆ ಈ ಸಲ ಶ್ರೀಲಂಕಾ ಬಂತು, ಜೊತೆಗೊಬ್ಬರನ್ನು ಕರೆತರಬಹುದು ಎಂಬ ಸವಲತ್ತಿನೊಂದಿಗೆ. ಆ ಒಬ್ಬರು ನಾನು.

"ಆಸಾಡದಲ್ಲಿ ಸಮುದ್ರ ದಾಟ್ತಾರಂತೆ. ಓಗಿ, ಓಗಿ. ರಾವಣನ ಊರು, ಉಸಾರು ಕಣವ್ವ" ಎಂದು ಅತ್ತೆ ಬೀಳ್ಕೊಟ್ಟರು.

ನಾನು ಬೆಸಗರಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಒಂದು ಕಾಲದಲ್ಲಿ ಖೋಖೋದಲ್ಲಿ ಜಿಲ್ಲೆಯ ತಂಡಕ್ಕೆ ಆಡಿದವಳು. ಎರಡು ವರ್ಷದ ಹಿಂದೆ ನನಗೆ ಗರ್ಭಕೋಶದ ಆಪರೇಷನ್ ಆಯಿತು. ನಮ್ಮ ಬೀದಿಯಲ್ಲೇ ಎಷ್ಟೋ ಹೆಂಗಸರಿಗೆ ಆಗಿರುವ ಮಾಮೂಲಿ ಆಪರೇಷನ್ನು ಅದು. ನನಗೆ ಮಾತ್ರ ರಕ್ತ ನಿಲ್ಲದೆ, ರಾತ್ರೋರಾತ್ರಿ ಮತ್ತೆ ಥಿಯೇಟರಿಗೆ ಒಯ್ದು, ಯಾರ್‍ಯಾರಿಂದಲೋ ರಕ್ತ ತಂದು, ಅಂತೂ ಬದುಕಿಸಿದರು. ಆರು ತಿಂಗಳು ಭಾರ ಎತ್ತಬೇಡಿ ಎಂದರು ಡಾಕ್ಟರು. ಆ ಆರು ತಿಂಗಳು ಎಲ್ಲರ ಕ್ಯಾಲೆಂಡರಿನಲ್ಲೂ ಮುಗಿಯಿತು, ನಮ್ಮವರ ಕ್ಯಾಲೆಂಡರಿನಲ್ಲಿ ಮಾತ್ರ ಇನ್ನೂ ನಡೆಯುತ್ತಿದೆ. ನಾನು ಬಿಂದಿಗೆ ಮುಟ್ಟಿದರೆ ಅಂಗಡಿಯಿಂದ ಓಡಿ ಬರುತ್ತಾರೆ. ಮೆಟ್ಟಿಲು ಹತ್ತಿದರೆ ಹಿಂದೆಯೇ ಹತ್ತುತ್ತಾರೆ. ಶಾಲೆಯಲ್ಲೂ ಹೆಡ್‌ಮಾಸ್ಟರು ಮೈದಾನದ ಅಂಚಿಗೆ ಒಂದು ಕುರ್ಚಿ ಹಾಕಿಸಿ, "ಕೂತುಕೊಂಡೇ ಸೀಟಿ ಊದಿ ಮೇಡಂ, ಸಾಕು" ಎಂದರು. ಒಳ್ಳೆಯ ಮನಸ್ಸಿನಿಂದ ಹೇಳಿದ್ದೇ. ಆದರೆ ಪಿ.ಟಿ. ಟೀಚರಿಗೆ ಕುರ್ಚಿ ಹಾಕುವುದೂ ಒಂದೇ, ಅಡುಗೆಯವರಿಗೆ ಹೋಟೆಲಿನಿಂದ ಊಟ ತರಿಸುವುದೂ ಒಂದೇ.

ನನಗೆ ಸಿಟ್ಟಿತ್ತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಿತ್ತು. ಎಲ್ಲರೂ ಹಿಡಿದುಕೊಂಡೇ ಇದ್ದಾಗ, ಬಿಟ್ಟರೆ ನಿಲ್ಲುತ್ತೇನೋ ಇಲ್ಲವೋ ಎನ್ನುವುದು ನಮಗೇ ಮರೆತುಹೋಗುತ್ತದೆ. ಈ ಮೈ ಇನ್ನೂ ನನ್ನ ಮಾತು ಕೇಳುತ್ತದೆಯೇ ಎಂದು ಒಂದೇ ಒಂದು ಸಲ, ಯಾರ ಕೈಯೂ ತಾಗದೆ, ನೋಡಿಬಿಡಬೇಕು ಎಂಬ ಹಟ ಹೊತ್ತುಕೊಂಡೇ ನಾನು ವಿಮಾನ ಹತ್ತಿದ್ದು.

ನಮ್ಮವರು ಹೊತ್ತುಕೊಂಡು ಬಂದದ್ದು ಲಾರಿ ಟೈರಿನ ಗಾಳಿ ನೋಡುವ ಗೇಜು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಅದನ್ನು ಬ್ಯಾಗಿನಿಂದ ತೆಗೆಸಿ, ತಿರುಗಿಸಿ ಮುರುಗಿಸಿ ನೋಡಿದರು. ಇದು ಯಾಕೆ ಎಂದು ಕೇಳಿದ ಹುಡುಗಿಗೆ ನಮ್ಮವರು, "ಯಾಕೆ ಅಂದ್ರೆ? ನೀವು ಬಳೆ ಹಾಕ್ಕೊಂಡಿಲ್ವಾ ತಾಯಿ, ಹಂಗೇ" ಎಂದರು. ಆಕೆ ನಗುತ್ತಾ ಬಿಟ್ಟುಬಿಟ್ಟಳು.

ಕಲ್ಪಿಟಿಯ: ಮರಳಿನ ಮೇಲೆ

ಲಂಕೆಯ ಪಶ್ಚಿಮ ಕರಾವಳಿಯಲ್ಲಿ ಕಲ್ಪಿಟಿಯ ಎಂಬ ಊರಿದೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಉಪ್ಪುನೀರಿನ ದೊಡ್ಡ ಹಿನ್ನೀರು, ನಡುವೆ ಮರಳಿನ ಪಟ್ಟಿ. ನಮ್ಮೂರಲ್ಲಿ ಆಷಾಢ ಬಂದರೆ ತೆಂಗಿನ ಗರಿ ಕಿತ್ತು ಎಸೆಯುವ ಗಾಳಿಯೇ ಇಲ್ಲೂ ಬೀಸುತ್ತದೆ. ನಾವು ಆ ಗಾಳಿಗೆ ಗಾಳಿಪಟ ಹಾರಿಸುತ್ತೇವೆ. ಇಲ್ಲಿಯವರು ಪಟಕ್ಕೆ ತಮ್ಮನ್ನೇ ಕಟ್ಟಿಕೊಂಡು, ಕಾಲಿಗೆ ಹಲಗೆ ಸಿಕ್ಕಿಸಿಕೊಂಡು, ನೀರಿನ ಮೇಲೆ ಜಾರುತ್ತಾರೆ. ಪಟ ಎಂದರೆ ನಮ್ಮ ಕಾಗದದ ಪಟವಲ್ಲ. ಕಬ್ಬಿನ ಲಾರಿಗೆ ಹೊದಿಸುವಷ್ಟು ದೊಡ್ಡ ಬಟ್ಟೆ, ಅದರ ಅಂಚಿಗೆ ಗಾಳಿ ತುಂಬಿದ ಉದ್ದನೆಯ ಟ್ಯೂಬು, ಅಡ್ಡಕ್ಕೂ ಒಂದೆರಡು ಟ್ಯೂಬು.

ಕಂಪನಿಯವರು ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದು ಫೋಟೋ ಹೊಡೆಸಿಕೊಳ್ಳುವುದಕ್ಕೆ. ಯಾರಿಗಾದರೂ ಕಲಿಯುವ ಆಸೆ ಇದೆಯಾ ಎಂದು ಮ್ಯಾನೇಜರು ಮಾತಿಗೆ ಕೇಳಿದರು. ಡೀಲರುಗಳೆಲ್ಲ ತಂತಮ್ಮ ಹೊಟ್ಟೆ ನೋಡಿಕೊಂಡರು. ನಾನು ಕೈ ಎತ್ತಿದೆ. ಮಿಕ್ಕವರು ಮಾರನೆಯ ದಿನ ಕೊಲಂಬೊಗೆ ಶಾಪಿಂಗಿಗೆ ಹೊರಟಾಗ, ನಾನು ಕೆಲವು ದಿನ ಇಲ್ಲೇ ಇರುತ್ತೇನೆ ಎಂದೆ.

"ತಲೆ ನೆಟ್ಟಗಿದ್ಯಾ ನಿಂಗೆ? ಹೊಲಿಗೆ ಹಾಕಿದ ಮೈ ಕಣೇ ಅದು" ಎಂದರು ನಮ್ಮವರು.

"ನಿಮ್ಮ ಅಂಗಡೀಲಿ ಹೊಲಿಗೆ ಹಾಕಿದ ಟೈರು ಎಷ್ಟು ಸಾವಿರ ಕಿಲೋಮೀಟರ್ ಓಡುತ್ತೆ ಅಂತ ಗಿರಾಕಿಗಳಿಗೆ ಹೇಳ್ತೀರಿ?"

ಅವರು ಒಪ್ಪಿದರು. ಆದರೆ ಷರತ್ತು ಹಾಕಿದರು: ತಾನೂ ಇರುತ್ತೇನೆ, ತಾನು ನೋಡುತ್ತಲೇ ಇರುತ್ತೇನೆ.

ಕಲಿಸಿದವನು ರೊಷಾನ್. ಆ ಹಿನ್ನೀರಿನಲ್ಲಿ ಮೀನು ಹಿಡಿಯುವವರ ಮನೆಯವನು, ಮೂವತ್ತರ ಆಸುಪಾಸು, ಬಿಸಿಲಿಗೆ ಕಂದಿದ ಕೂದಲು. ಅವನ ಮನೆಮಾತು ಸಿಂಹಳ. ತಮಿಳೂ ಬರುತ್ತದೆ, ಇಂಗ್ಲಿಷೂ ಬರುತ್ತದೆ. ನಮ್ಮವರು ಕಾವೇರಿ ಗಲಾಟೆಯಲ್ಲಿ ಹೈವೇ ಮೇಲೆ ಕೂತು ಘೋಷಣೆ ಕೂಗಿದ ಬಾಯಲ್ಲೇ ಅವನೊಂದಿಗೆ ತಮಿಳು ಆಡಿದರು. ತಮಿಳುನಾಡಿನ ಲಾರಿ ಡ್ರೈವರುಗಳಿಂದ ಕಲಿತ ಭಾಷೆಯಾದ್ದರಿಂದ ಅದರಲ್ಲಿ ಅರ್ಧ ಬೈಗುಳ. ರೊಷಾನ್ ನನ್ನನ್ನು ಅಕ್ಕಾ ಎಂದು ಕರೆದ. ಸಿಂಹಳ, ತಮಿಳು, ಕನ್ನಡ ಮೂರಕ್ಕೂ ಅದೊಂದು ಪದ ಸಾಕಾಯಿತು.

ಮೊದಲ ದಿನ ನೀರಿಲ್ಲ, ಮರಳಿನ ಮೇಲೆ ಸಣ್ಣ ಪಟದ ಪಾಠ. ಸೊಂಟಕ್ಕೆ ಒಂದು ದಪ್ಪ ಪಟ್ಟಿ ಬಿಗಿಯುತ್ತಾರೆ. ಪಟದ ದಾರಗಳು ಬಂದು ಸೇರುವ ಒಂದು ಅಡ್ಡಕೋಲನ್ನು ಕೈಗೆ ಕೊಡುತ್ತಾರೆ. ಕೋಲನ್ನು ಹತ್ತಿರಕ್ಕೆ ಎಳೆದುಕೊಂಡರೆ ಪಟಕ್ಕೆ ಬಲ ಬರುತ್ತದೆ, ದೂರಕ್ಕೆ ಬಿಟ್ಟರೆ ಬಲ ಇಳಿಯುತ್ತದೆ. ಇಷ್ಟೇ ಪಾಠ. ಎಂಟನೇ ಕ್ಲಾಸಿನ ಮಕ್ಕಳಿಗೂ ಅರ್ಥವಾಗುವಂಥದ್ದು.

ನನ್ನ ತಲೆಗೆ ಅರ್ಥವಾಯಿತು, ಕೈಗೆ ಆಗಲಿಲ್ಲ. ನನ್ನ ತವರು ಹನಕೆರೆ. ಅಪ್ಪ ಎತ್ತಿನ ಗಾಡಿಯಲ್ಲಿ ಮಂಡ್ಯದ ಫ್ಯಾಕ್ಟರಿಗೆ ಕಬ್ಬು ಹೊಡೆಯುತ್ತಿದ್ದರು. ವಾಪಸು ಬರುವಾಗ ಖಾಲಿ ಗಾಡಿಯ ಹಗ್ಗ ನನ್ನ ಕೈಗೆ ಕೊಡುತ್ತಿದ್ದರು. ಎತ್ತು ಬೆದರಿ ಓಡಿದರೆ ಹಿಂದಕ್ಕೆ ಒರಗಿ, ಕಾಲು ಊರಿ, ಇದ್ದಬದ್ದ ಬಲವೆಲ್ಲ ಹಾಕಿ ಎಳೆಯಬೇಕು, ಎಳೆದರೆ ನಿಲ್ಲುತ್ತವೆ. ಇಲ್ಲಿ ಪಟ ಬೆದರಿದ ಎತ್ತಿನ ಹಾಗೆ ಒಂದು ಕಡೆ ನುಗ್ಗಿದ ಕೂಡಲೇ ನಾನು ಒರಗಿ, ಕಾಲೂರಿ, ಎಳೆದೆ. ಅದು ನಿಲ್ಲಲಿಲ್ಲ. ನನ್ನನ್ನು ಮುಖ ಅಡಿಯಾಗಿ ಮರಳಿನ ಮೇಲೆ ಬಹಳ ದೂರ ಎಳೆದುಕೊಂಡು ಹೋಯಿತು.

"ಬಿಡಿ ಅಕ್ಕಾ, ಬಿಡಿ" ಎಂದು ರೊಷಾನ್ ಓಡಿ ಬಂದ.

ಎದ್ದು ಬಾಯಿಯ ಮರಳು ಉಗಿದು ಮತ್ತೆ ಹಿಡಿದೆ. ಮತ್ತೆ ನುಗ್ಗಿತು, ಮತ್ತೆ ಎಳೆದೆ. ಹಾಗೆ ಆ ಬೆಳಗ್ಗೆ ಕಲ್ಪಿಟಿಯದ ದಡವನ್ನು ನಾನು ಮುಖದಿಂದಲೇ ಸಮ ಮಾಡಿದೆ. ನಾನು ಎತ್ತಿನ ಗಾಡಿಯ ವಿಷಯ ಹೇಳಿದಾಗ ರೊಷಾನ್ ಸ್ವಲ್ಪ ಯೋಚಿಸಿ, "ಇದು ಎತ್ತು ಅಲ್ಲ ಅಕ್ಕಾ, ಇದು ಗಾಳಿ. ಗಾಳಿ ಯಾರಿಗೂ ಸೇರಿದ್ದಲ್ಲ, ಅದು ಹಗ್ಗಕ್ಕೆ ಬಗ್ಗಲ್ಲ" ಎಂದ.

ನಮ್ಮವರಿಗೂ ಒಂದು ಕೆಲಸ ಸಿಕ್ಕಿತು. ಕಲಿಯುವವರ ಸೊಂಟದ ಪಟ್ಟಿಗೆ ಬೆನ್ನ ಹಿಂದೆ ಒಂದು ಹಿಡಿ ಇರುತ್ತದೆ. ಪಟ ಎತ್ತಿಕೊಂಡು ಹೋಗದಂತೆ ಇನ್ನೊಬ್ಬರು ಹಿಂದಿನಿಂದ ಅದನ್ನು ಹಿಡಿದುಕೊಳ್ಳಬಹುದು. ಅದು ಇರುವುದು ಗೊತ್ತಾದ ಗಳಿಗೆಯಿಂದ ನಮ್ಮವರು ಅದನ್ನು ಬಿಡಲಿಲ್ಲ. ನಾನು ಮರಳಿನ ಮೇಲೆ ಉಜ್ಜಿಕೊಂಡು ಹೋದಾಗಲೆಲ್ಲ ಹಿಂದೆ ಅವರೂ ಉಜ್ಜಿಕೊಂಡು ಬಂದರು. ಸಂಜೆ ಇಬ್ಬರ ಮೊಣಕಾಲಿಗೂ ಒಂದೇ ಡಬ್ಬಿಯಿಂದ ಮುಲಾಮು ಹಚ್ಚಿಕೊಂಡೆವು.

ಕಲ್ಪಿಟಿಯ: ನೀರಿನೊಳಗೆ

ಹಿನ್ನೀರು ಬಹುಪಾಲು ಸೊಂಟದ ಮಟ್ಟ. ತಳದಲ್ಲಿ ಮೆತ್ತನೆಯ ಕೆಸರು, ನಾಟಿಗೆ ಹದ ಮಾಡಿದ ಗದ್ದೆಗೆ ಇಳಿದಂತೆ. ದಡದಿಂದ ಸ್ವಲ್ಪ ದೂರದಲ್ಲಿ ಮೀನಿನ ದೋಣಿಗಳು ಓಡಾಡುವ ಒಂದು ಆಳದ ಕಾಲುವೆ ಅಡ್ಡ ಹೋಗಿದೆ. ಅಲ್ಲಿ ಮಾತ್ರ ಕಾಲು ನೆಲಕ್ಕೆ ಸಿಗುವುದಿಲ್ಲ. ಅದರಾಚೆ ಬಲೆ ಕಟ್ಟಲು ನೆಟ್ಟ ಮರದ ಕಂಬಗಳ ಸಾಲು. ಒಂಟಿಯಾಗಿ ಆ ಕಂಬಗಳವರೆಗೆ ಹೋಗಿ, ತಿರುಗಿ, ದಡಕ್ಕೆ ಬಂದರೆ ಕಲಿತಂತೆ ಎಂದ ರೊಷಾನ್. ನನ್ನ ಕಣ್ಣು ಆ ಕಂಬಗಳಿಗೆ ಅಂಟಿಕೊಂಡಿತು.

ನಮ್ಮ ಜೊತೆಗೆ ಜರ್ಮನಿಯ ಒಬ್ಬ ಅಜ್ಜಿಯೂ ಕಲಿಯುತ್ತಿದ್ದಳು. ಎಪ್ಪತ್ತಕ್ಕೆ ಹತ್ತಿರ, ಕಡ್ಡಿಯಂಥ ಮೈ. ನೀರಿಗೆ ಬಿದ್ದಾಗಲೆಲ್ಲ ತನ್ನ ಪಟಕ್ಕೆ ಜರ್ಮನ್ ಭಾಷೆಯಲ್ಲಿ ನಿಧಾನವಾಗಿ ಬುದ್ಧಿ ಹೇಳುತ್ತಿದ್ದಳು. ಸಾಯಂಕಾಲ ಅವಳು ತನ್ನ ಸಾಮಾನಿನ ಚೀಲ ಹೊತ್ತು ಹೊರಟಾಗ ನಮ್ಮವರು ಓಡಿಹೋಗಿ ಕೈ ಹಾಕಿದರು. ನಮ್ಮ ಕಡೆ ವಯಸ್ಸಾದವರ ಕೈಯಿಂದ ಭಾರ ಇಸಿದುಕೊಳ್ಳದಿದ್ದರೆ ಊರು ಬೈಯುತ್ತದೆ. ಅವಳು ಚೀಲ ಕಿತ್ತುಕೊಂಡು, ಏನೋ ಕಳವು ಮಾಡಲು ಬಂದವರನ್ನು ನೋಡುವಂತೆ ನೋಡಿ ಹೋದಳು.

"ಏನು ಹೆಂಗಸು ಕಣೇ ಇವ್ಳು. ಒಳ್ಳೇದು ಮಾಡಾಕೆ ಓದ್ರೆ ತಿಂದಾಕೋ ಹಂಗೆ ನೋಡ್ತಾಳೆ."

"ನನಗೂ ಒಂದೊಂದ್ಸಲ ಹಂಗೇ ನೋಡ್ಬೇಕು ಅನ್ಸುತ್ತೆ" ಎಂದೆ. ಅವರಿಗೆ ಅದು ಕೇಳಿಸಲಿಲ್ಲ, ಅಥವಾ ಕೇಳಿಸಿದರೂ ಮೊಣಕಾಲು ನೋಡಿಕೊಂಡರು.

ನೀರಿನಲ್ಲಿ ಮೊದಲು ಹಲಗೆಯಿಲ್ಲದೆ, ಪಟ ಎಳೆದತ್ತ ಹೊಟ್ಟೆಯ ಮೇಲೆ ತೇಲಿಕೊಂಡು ಹೋಗುವುದು. ಆಮೇಲೆ ಹಲಗೆ ಹಾಕಿ ಏಳುವುದು. ಏಳುವುದು ಎಂದರೆ, ಎದ್ದ ಕ್ಷಣಕ್ಕೆ ಆ ಕಡೆ ಬೀಳುವುದು. ನಾನು ಕುಡಿದ ಉಪ್ಪುನೀರಿಗೆ ಬೇಳೆ ಹಾಕಿದ್ದರೆ ಒಂದು ಮದುವೆಯ ಸಾರಾಗುತ್ತಿತ್ತು. ಆದರೆ ಎರಡನೆಯ ದಿನದ ಕೊನೆಗೆ ಕೈಗೂ ಬುದ್ಧಿ ಬಂತು. ಪಟ ನುಗ್ಗಿದಾಗ ಬೆರಳು ತಾವಾಗಿ ಸಡಿಲವಾದವು. ಮೂರನೆಯ ದಿನ ಹಲಗೆಯ ಮೇಲೆ ನಿಂತು, ಕಾಲಕೆಳಗೆ ನೀರು ಸರ್ರೆಂದು ಜಾರುವುದನ್ನು ಕೇಳಿದೆ. ಕಾಲು, ತೊಡೆ, ಹೊಟ್ಟೆ, ಎಲ್ಲವೂ ಹಾಜರಾತಿ ಕೂಗಿದಾಗ ಎಸ್ ಮೇಡಂ ಎನ್ನುವ ಹಾಗೆ ಒಂದೊಂದಾಗಿ ಉತ್ತರ ಕೊಟ್ಟವು. ಕಣ್ಣಲ್ಲಿ ನೀರು ಬಂತು. ಉಪ್ಪುನೀರಾದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ ನಿಂತುಹೋದೆ. ತಿರುಗಿ ನೋಡಿದರೆ ನಮ್ಮವರು ಲೈಫ್ ಜಾಕೆಟ್ಟು ಹಾಕಿಕೊಂಡು, ಎದೆಮಟ್ಟದ ನೀರಲ್ಲಿ, ನನ್ನ ಬೆನ್ನ ಹಿಂದಿನ ಹಿಡಿಗೆ ಕಟ್ಟಿದ ಒಂದು ನೈಲಾನ್ ಹಗ್ಗ ಹಿಡಿದುಕೊಂಡು ನಿಂತಿದ್ದರು. ಯಾವಾಗ ಕಟ್ಟಿದರೋ ಗೊತ್ತಿಲ್ಲ.

ನಾನು ಮೈದಾನದಲ್ಲಿ ಕೂಗುವ ದನಿಯಲ್ಲೇ ಕೂಗಿದೆ. ಇನ್ನು ಮೇಲೆ ನೀವು ನೀರಿಗೆ ಇಳಿಯುವ ಹಾಗಿಲ್ಲ, ಕೊನೆಯ ದಿನ ನಾನು ಒಬ್ಬಳೇ ಕಂಬಗಳವರೆಗೆ ಹೋಗುತ್ತೇನೆ, ನೀವು ದಡದಲ್ಲೇ ಇರಬೇಕು ಎಂದೆ. ಅವರು ಹಗ್ಗ ಸುತ್ತಿಕೊಂಡು ದಡಕ್ಕೆ ನಡೆದರು. ಆ ನಡಿಗೆ ನೋಡಿ ನನಗೇ ಕಷ್ಟವಾಯಿತು. ಆದರೂ ಮಾತು ಹಿಂತೆಗೆದುಕೊಳ್ಳಲಿಲ್ಲ.

ಆ ಮಧ್ಯಾಹ್ನ ಅವರು ಪಟ ತೊಳೆಯುವ ಕಡೆ ಹೋಗಿದ್ದಾಗ ರೊಷಾನ್ ನನಗೆ, ಜರ್ಮನ್ ಅಜ್ಜಿಗೆ ಕೊನೆಯ ಪಾಠ ಹೇಳಿಕೊಟ್ಟ. ದೂರದಲ್ಲಿ ಪಟ ಕೈಕೊಟ್ಟರೆ ಏನು ಮಾಡಬೇಕು, ದಾರ ಹೇಗೆ ಸುತ್ತಿಕೊಳ್ಳಬೇಕು, ಪಟವನ್ನೇ ದೋಣಿಯ ಹಾಯಿಯ ಹಾಗೆ ಹಿಡಿದು ಹೇಗೆ ದಡ ಸೇರಬೇಕು. ಸಹಾಯ ಬೇಕಿದ್ದರೆ ಕೈ ಎತ್ತಿ ಬೀಸಬೇಕು. ಬೇಡ, ಕ್ಷೇಮವಾಗಿದ್ದೇನೆ ಎನ್ನಲು ಅಂಗೈಯನ್ನು ನಡುನೆತ್ತಿಯ ಮೇಲೆ ಇಟ್ಟುಕೊಳ್ಳಬೇಕು. ಎಲ್ಲ ದೇಶದ ಪಟದವರಿಗೂ ಇದೇ ಸನ್ನೆಯಂತೆ.

ಕಲ್ಪಿಟಿಯ: ಟ್ಯೂಬಿನ ವಿಷಯ

ನೀರಿನಿಂದ ಬಹಿಷ್ಕಾರವಾದ ಮೇಲೆ ನಮ್ಮವರು ಸಾಮಾನಿನ ಶೆಡ್ಡಿನಲ್ಲಿ ನೆಲೆಯಾದರು. ಅಲ್ಲಿ ಅವರಿಗೆ ಎರಡನೆಯ ದಿನವೇ ಒಂದು ಮಂಗಳಾರತಿ ಆಗಿತ್ತು. ಒದ್ದೆ ಪಟವನ್ನು ನಮ್ಮೂರಿನ ಟಾರ್ಪಾಲಿನಂತೆ ಹಿಂಡಿ, ಸುಡುಬಿಸಿಲಿಗೆ ಹಗ್ಗದ ಮೇಲೆ ನೇತುಹಾಕಿದ್ದರು. ಗಾಳಿಗೆ ಅದು ಪಟಪಟ ಹೊಡೆದುಕೊಳ್ಳುವುದನ್ನು ಕಂಡು ರೊಷಾನ್ ಊಟ ಬಿಟ್ಟು ಓಡಿ ಬಂದ. ಪಟವನ್ನು ಸಿಹಿನೀರಲ್ಲಿ ಮೆಲ್ಲಗೆ ತೊಳೆಯಬೇಕು, ಹಿಂಡಬಾರದು, ನೆರಳಲ್ಲಿ ಆರಿಸಬೇಕು, ಬಿಸಿಲು ಅದರ ಆಯಸ್ಸು ತಿನ್ನುತ್ತದೆ. ಮರಳು ಒಂದು ಕಾಳೂ ಉಳಿಯಬಾರದು, ಪೂರ್ತಿ ಒಣಗದೆ ಮಡಿಸಬಾರದು. "ಬಾಣಂತಿ ಮಗೀಗೂ ಇಷ್ಟು ಮಾಡಕ್ಕಿಲ್ಲ" ಎಂದು ಗೊಣಗಿದರೂ, ಆಮೇಲೆ ನಮ್ಮವರು ರೊಷಾನನಿಗಿಂತ ಕಟ್ಟುನಿಟ್ಟಾದರು. ಮನೆಯಲ್ಲಿ ತಮ್ಮ ಟವೆಲ್ಲನ್ನೂ ತೊಳೆಯದ ಮನುಷ್ಯ ಪಟದ ಹೊಲಿಗೆಯ ಮರಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯುತ್ತಾ ಕೂತಿದ್ದರು.

ಗಾಳಿ ತುಂಬುವ ವಿಷಯಕ್ಕೆ ಬಂದಾಗ ಅವರ ಗೇಜು ಹೊರಬಂತು. ಲಾರಿ ಟೈರಿನ ಗೇಜಿಗೆ ಪಟದ ಟ್ಯೂಬಿನ ಗಾಳಿ ಲೆಕ್ಕಕ್ಕೇ ಇಲ್ಲ. ಮುಳ್ಳು ಅಲುಗಲಿಲ್ಲ. ಖಾಲಿ ಇದೆ ಎಂದು ನಮ್ಮವರು ಪಂಪು ಒತ್ತತೊಡಗಿದರು. ಟ್ಯೂಬು ಕಿರ್ರೆನ್ನುವ ಹೊತ್ತಿಗೆ ರೊಷಾನ್ ಗೇಜನ್ನು ಕಸಿದು ತನ್ನ ಜೇಬಿಗೆ ಹಾಕಿಕೊಂಡ.

ಒಂದು ಮಧ್ಯಾಹ್ನ ಊಟಕ್ಕೆ ರೊಷಾನನ ಮನೆಯಿಂದ ರಾಗಿ ಬಂತು. ಅವರು ಅದಕ್ಕೆ ಕುರಕ್ಕನ್ ಎನ್ನುತ್ತಾರೆ. ಹಿಟ್ಟು ತೊಳಸಿ ಉಂಡೆ ಮಾಡುತ್ತಾರೆ, ಸಾಕ್ಷಾತ್ ಮುದ್ದೆ. ನಮ್ಮವರ ಮುಖ ಅರಳಿತು. ಆದರೆ ರೊಷಾನ್ ಅದನ್ನು ಅಗಿಯತೊಡಗಿದ. ಅಗಿದು, ಅಗಿದು, ನುಂಗಿದ. ಮುದ್ದೆಯನ್ನು ಅಗಿಯುವವರನ್ನು ನಮ್ಮವರು ಜೀವಮಾನದಲ್ಲಿ ಕಂಡಿರಲಿಲ್ಲ.

"ಹಲ್ಲಿಗೆ ತೋರಿಸ್ಬಾರದು ಕಣಪ್ಪ ಇದ್ನ. ಸೀದಾ ಇಳೀಬೇಕು" ಎಂದು ಕನ್ನಡದಲ್ಲೇ ಹೇಳಿ, ಮುರಿದು, ಸಾರಿಗೆ ಅದ್ದಿ, ಗುಳುಂ ಎನಿಸಿ ತೋರಿಸಿದರು. ರೊಷಾನ್ ಪ್ರಯತ್ನಿಸಿ ಕೆಮ್ಮಿದ. ಬೆನ್ನು ತಟ್ಟುತ್ತಾ ನಮ್ಮವರು ಬಹಳ ದಿನದ ಮೇಲೆ ಗಟ್ಟಿಯಾಗಿ ನಕ್ಕರು.

ಆ ಸಂಜೆ ಶೆಡ್ಡಿನಲ್ಲಿ ಒಂದು ಪಟದ ಅಂಚಿನ ಟ್ಯೂಬು ಮೆಲ್ಲಗೆ ಇಳಿಯುತ್ತಿತ್ತಂತೆ. ರೊಷಾನ್ ಅದನ್ನು ನಾಳೆ ನೋಡೋಣ ಎಂದು ಬದಿಗಿಟ್ಟ. ನಾಳೆ ನೋಡೋಣ ಎನ್ನುವ ಮಾತು ಟೈರ್ ಶಿವಣ್ಣನಿಗೆ ಸೇರದು. ರೊಷಾನ್ ಮನೆಗೆ ಹೋದ ಮೇಲೆ ಅವರು ಜಿಪ್ಪು ಬಿಚ್ಚಿ ಟ್ಯೂಬು ಎಳೆದು, ಬಕೆಟ್ಟಿನ ನೀರಲ್ಲಿ ಅದ್ದಿ ಗುಳ್ಳೆ ಹುಡುಕಿದರು. ಊರೊಳಗಿನ ಸೈಕಲ್ ಅಂಗಡಿಯಿಂದ ಸಲ್ಯೂಷನ್ ತಂದು, ಉಜ್ಜಿ, ಹಚ್ಚಿ, ರಬ್ಬರ್ ತುಂಡು ಅಂಟಿಸಿ, ಕಲ್ಲು ಹೇರಿ ಇಟ್ಟರು. ಬೆಳಗ್ಗೆ ಗಾಳಿ ತುಂಬಿದರೆ ನಿಂತಿತ್ತು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಟ್ರ್ಯಾಕ್ಟರಿನ ಟ್ಯೂಬು ರಬ್ಬರು, ಪಟದ ಟ್ಯೂಬು ಒಂದು ಬಗೆಯ ಪ್ಲಾಸ್ಟಿಕ್ಕು. ರಬ್ಬರಿನ ಸಲ್ಯೂಷನ್ ಅದರ ಮೇಲೆ ಸ್ವಲ್ಪ ಹೊತ್ತು ಅಂಟಿದಂತೆ ನಟಿಸುತ್ತದೆ, ಅಷ್ಟೇ. ಇದೂ ಆಮೇಲೆ ಗೊತ್ತಾದದ್ದು.

ಕಲ್ಪಿಟಿಯ: ಕೊನೆಯ ದಿನ

ಬೆಳಗ್ಗೆ ಗಾಳಿ ಹದವಾಗಿತ್ತು, ದಡದ ಕಡೆಗೇ ಬೀಸುತ್ತಿತ್ತು. ರೊಷಾನ್ ಜರ್ಮನ್ ಅಜ್ಜಿಯ ಪಟ ಏರಿಸಲು ಆ ತುದಿಗೆ ಹೋಗಿದ್ದ. ನನಗೆ ಯಾವ ಪಟ ಎಂದು ಕೇಳಿದ್ದಕ್ಕೆ ನಮ್ಮವರೇ ಶೆಡ್ಡಿನಿಂದ ಒಂದನ್ನು ಹೊತ್ತು ತಂದರು. ಅಷ್ಟೊಂದು ಪಟಗಳಲ್ಲಿ ಅವರು ಆರಿಸಿದ್ದು ತಾವು ಪಂಚರ್ ಹಾಕಿದ್ದನ್ನೇ. ಬೇರೆಯವರ ಕೆಲಸದ ಮೇಲೆ ಅವರಿಗೆ ನಂಬಿಕೆಯಿಲ್ಲ. ಹೆಂಡತಿ ಒಬ್ಬಳೇ ಆಳದ ಕಾಲುವೆ ದಾಟಿ ಹೋಗುವಾಗ, ತನ್ನ ಕೈಯಾರೆ ಭದ್ರ ಮಾಡಿದ ಪಟವೇ ಇರಲಿ ಎಂದು.

ದಡದಲ್ಲಿ ಹಾದುಹೋಗುತ್ತಿದ್ದ ಒಬ್ಬ ಸವಾರ ಪಟ ಏರಿಸಿಕೊಟ್ಟು ತನ್ನ ದಾರಿ ಹಿಡಿದ. ನಾನು ಎದ್ದೆ, ಹೊರಟೆ. ಕಾಲುವೆಯ ಕಡು ನೀಲಿ ಪಟ್ಟಿ ಕಾಲಡಿ ದಾಟಿತು. ಹಿಂದೆ ಹಗ್ಗವಿಲ್ಲ, ಹಿಡಿ ಹಿಡಿದ ಕೈಯಿಲ್ಲ. ಕಂಬಗಳ ಮೇಲಿನ ನೀರುಕಾಗೆಗಳು ಕಾಣತೊಡಗಿದವು.

ಆಗ ಪಟದ ಉಸಿರು ಹೋಯಿತು. ಅಂಚು ಸೊರಗಿ, ನಡುವಿನಲ್ಲಿ ಮಡಚಿ, ಬಾಡಿದ ಬಾಳೆಲೆಯಂತೆ ನೀರಿಗೆ ಒರಗಿತು. ನಾನೂ ಒರಗಿದೆ. ಲೈಫ್ ಜಾಕೆಟ್ಟು ನನ್ನನ್ನು ಮೇಲಕ್ಕೆ ತಂದಿತು. ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಕಲಿತದ್ದು ನೆನಪಿತ್ತು. ಸೊಂಟದ ಪಟ್ಟಿಗೆ ಪಟ ಸಿಕ್ಕಿಸುವ ಕಡೆ ಇರುವ ಕೆಂಪು ಗುಂಡಿ ತಳ್ಳಿ ಪಟದ ಬಲ ಪೂರ್ತಿ ಬಿಡಿಸಿದೆ. ದಾರವನ್ನು ಕೋಲಿಗೆ ಸುತ್ತುತ್ತಾ ಸುತ್ತುತ್ತಾ ಪಟದ ಹತ್ತಿರ ಹೋದೆ. ಅಡ್ಡ ಟ್ಯೂಬುಗಳಲ್ಲಿ ಗಾಳಿ ಉಳಿದಿತ್ತು. ಅದರ ಮೇಲೆ ಒರಗಿ, ಪಟದ ತುದಿ ಎತ್ತಿ ಗಾಳಿಗೆ ಒಡ್ಡಿದೆ. ಅದು ನನ್ನನ್ನು ಮೆಲ್ಲಗೆ ದಡದ ಕಡೆ ಹೊತ್ತು ಹೊರಟಿತು. ದಡದಲ್ಲಿ ನಮ್ಮವರು ಚುಕ್ಕೆಯಂತೆ ಕಾಣುತ್ತಿದ್ದರು, ಅತ್ತಿಂದಿತ್ತ ಓಡಾಡುವ ಚುಕ್ಕೆ. ಪಾಪ, ಗಾಬರಿಯಾಗಿದ್ದಾರೆ, ಕ್ಷೇಮವಾಗಿದ್ದೇನೆ ಎಂದು ತಿಳಿಸೋಣ ಎಂದುಕೊಂಡು, ಪಾಠದಲ್ಲಿ ಹೇಳಿದಂತೆ ಅಂಗೈಯನ್ನು ತಲೆಯ ಮೇಲೆ ಇಟ್ಟುಕೊಂಡೆ. ಚೆನ್ನಾಗಿ ಕಾಣಲಿ ಎಂದು ಬಹಳ ಹೊತ್ತು ಇಟ್ಟುಕೊಂಡೆ.

ಎಲ್ಲ ದೇಶದ ಪಟದವರಿಗೂ ಅದು ಕ್ಷೇಮದ ಸನ್ನೆ. ಮಂಡ್ಯ ಜಿಲ್ಲೆಯಲ್ಲಿ ತಲೆಯ ಮೇಲೆ ಕೈ ಇಟ್ಟುಕೊಳ್ಳುವುದು ಬೆಳೆ ಮುಳುಗಿದಾಗ, ಲಾರಿ ಉರುಳಿದಾಗ, ಇನ್ನೇನೂ ಉಳಿದಿಲ್ಲ ಎಂದಾಗ. ಪಾಠದ ಹೊತ್ತಿಗೆ ನಮ್ಮವರು ಪಟ ತೊಳೆಯುತ್ತಿದ್ದರು.

ಚುಕ್ಕೆ ನಿಂತಿತು. ಆಮೇಲೆ ನೀರಿಗೆ ಹಾರಿತು. ಪ್ಯಾಂಟು, ಷರ್ಟು, ಚಪ್ಪಲಿಯ ಸಮೇತ, ಲೈಫ್ ಜಾಕೆಟ್ಟಿಲ್ಲದೆ. ನಮ್ಮವರಿಗೆ ಈಜು ಬರುವುದಿಲ್ಲ. ಸೊಂಟದ ನೀರಲ್ಲಿ ಬೀಳುತ್ತಾ ಏಳುತ್ತಾ ಬರುತ್ತಿದ್ದರು. ಅವರ ಮುಂದೆ ಕಾಲುವೆ ಇತ್ತು. ಬೇಡ, ಬರಬೇಡಿ ಎಂದು ನಾನು ಇನ್ನೂ ಜೋರಾಗಿ ತಲೆಯ ಮೇಲೆ ಕೈ ಬಡಿದುಕೊಂಡೆ. ಅವರು ಇನ್ನೂ ಜೋರಾಗಿ ಬಂದರು. ಮರುಗಳಿಗೆ ತಲೆ ಕಾಣಲಿಲ್ಲ.

ಆ ಕ್ಷಣವನ್ನು ನಗುನಗುತ್ತಾ ಬರೆಯಲು ನನಗೆ ಬರುವುದಿಲ್ಲ. ಪಟವನ್ನು ಗಾಳಿಗೆ ಪೂರ್ತಿ ಒಡ್ಡಿ, ಕಾಲು ಬಡಿಯುತ್ತಾ ಹೋದೆ. ತಲೆ ಮೇಲೆ ಬಂತು, ಮುಳುಗಿತು, ಮತ್ತೆ ಬಂತು. ಕಾಲರು ಸಿಕ್ಕಿತು. ಎಳೆದೆ. ಎಂಬತ್ತು ಕಿಲೋ ತೂಗುವ ಮನುಷ್ಯನನ್ನು ಒಂದೇ ಕೈಯಲ್ಲಿ ಎಳೆದು, ಅಡ್ಡ ಟ್ಯೂಬಿನ ಮೇಲೆ ಅವರ ತೋಳು ಹಾಕಿಸಿದೆ. ಅವರು ಕೆಮ್ಮಿದರು, ಉಗಿದರು, ಕಣ್ಣು ಬಿಟ್ಟರು. ಮೊದಲ ಮಾತು:

"ಭಾರ ಎತ್ಬೇಡ ಅಂತ ಡಾಕ್ಟ್ರು ಏಳಿಲ್ವಾ?"

"ಸುಮ್ನೆ ಹಿಡ್ಕೊಳ್ರೀ" ಎಂದು ಗದರಿದೆ. ಇಬ್ಬರೂ ಪಟದ ಮೇಲೆ ತೇಲುತ್ತಾ ಬಂದೆವು. ಆ ತುದಿಯಿಂದ ರೊಷಾನ್ ಓಡಿ ಬಂದು ನೀರಿಗಿಳಿಯುವಷ್ಟರಲ್ಲಿ ನಮ್ಮ ಕಾಲು ನೆಲಕ್ಕೆ ಸಿಕ್ಕಿತ್ತು.

ರೊಷಾನ್ ಟ್ಯೂಬು ಬಿಚ್ಚಿದ. ರಬ್ಬರ್ ತುಂಡು ಅದಾಗಿಯೇ ಅವನ ಕೈಗೆ ಬಂತು. ಅವನು ನಮ್ಮವರ ಮುಖ ನೋಡಿದ, ನಾನೂ ನೋಡಿದೆ. ಅವರು ಮರಳಿನ ಮೇಲೆ ಕೂತು, ನೀರು ಸುರಿಯುವ ಷರ್ಟಿನ ಗುಂಡಿ ಹಿಡಿದುಕೊಂಡಿದ್ದರು.

"ನಾನೇ ಕಣೇ ಪಂಚರ್ ಹಾಕಿದ್ದು. ಗಟ್ಟಿಯಾಗಿರ್ಲಿ ಅಂತ ಹಾಕ್ದೆ. ನಿಂಗೇ ಅಂತ ಎತ್ತಿಟ್ಟಿದ್ದೆ."

ಇನ್ನೊಂದು ದಿನವಾಗಿದ್ದರೆ ನಾನು ಅವರನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಸನ್ನೆಯ ಅರ್ಥ ಹೇಳಿದೆ. ತಲೆಯ ಮೇಲೆ ಕೈಯಿಟ್ಟರೆ ಚೆನ್ನಾಗಿದ್ದೀನಿ ಅಂತ ರೀ, ಬರಬೇಡಿ ಅಂತ. ಅವರು ಷರ್ಟಿನ ಅಂಚು ಹಿಂಡಿದರು. ಆಮೇಲೆ ನೀರಿನ ಕಡೆ ನೋಡುತ್ತಾ ಹೇಳಿದರು:

"ಆಸ್ಪತ್ರೇಲಿ ನಿನ್ನ ಎರಡ್ನೇ ಸಲ ಒಳಕ್ಕೆ ತಕಂಡೋದ್ರಲ್ಲ, ಅವತ್ತು ರಾತ್ರಿಯೆಲ್ಲ ನಾನು ಹಂಗೇ ತಲೆ ಮೇಲೆ ಕೈ ಇಟ್ಕಂಡು ಕುಂತಿದ್ದೆ. ಬೆಳಗಾದ್ರೂ ಕೈ ತಗಿಯಾಕೆ ಆಗ್ಲಿಲ್ಲ ಕಣೇ. ನರ್ಸಮ್ಮ ಬಂದು ತಗ್ಸಿದ್ಲು."

ಎರಡು ವರ್ಷದಲ್ಲಿ ಅವರು ಇದನ್ನು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನಾನು ಥಿಯೇಟರಿನ ಒಳಗಿದ್ದೆ. ಹೊರಗೆ ಕೂತವರಿಗೂ ಏನೋ ಆಗಿರಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ಅವರ ಕೈ ಹಿಡಿದುಕೊಂಡು ಪಕ್ಕದಲ್ಲೇ ಕೂತೆ.

"ಈಗ ನಿಮ್ಮನ್ನ ಎಳ್ಕೊಂಡು ಬಂದೋಳು ಯಾರು?" ಎಂದು ಕೇಳಿದೆ.

"ನೀನೇ."

"ನೋವಾಯ್ತು ಅಂದ್ನಾ?"

"ಇಲ್ಲ."

"ಹಂಗಾದ್ರೆ ಏಳಿ. ಕಂಬ ಇನ್ನೂ ಮುಟ್ಟಿಲ್ಲ ನಾನು."

ರೊಷಾನ್ ಬೇರೆ ಪಟ ತಂದು, ತಾನೇ ಗಾಳಿ ತುಂಬಿ, ಒಂದೊಂದು ಟ್ಯೂಬನ್ನೂ ಒತ್ತಿ ನೋಡಿದ. ಪಟ ಏರಿಸಲು ದಡದಲ್ಲಿ ಒಬ್ಬರು ಅದರ ಅಂಚು ಹಿಡಿದು ನಿಲ್ಲಬೇಕು, ಸವಾರರು ಹೆಬ್ಬೆರಳು ತೋರಿಸಿದಾಗ ಬಿಡಬೇಕು. ಆ ಕೆಲಸಕ್ಕೆ ನಮ್ಮವರೇ ಮುಂದೆ ಬಂದರು. ನಾನು ದಾರದ ಈ ತುದಿಯಲ್ಲಿ, ಅವರು ಆ ತುದಿಯಲ್ಲಿ, ಒದ್ದೆ ಪ್ಯಾಂಟಿನಲ್ಲಿ, ತಮಗಿಂತ ಎತ್ತರದ ಪಟ ಹಿಡಿದು. ಹೆಬ್ಬೆರಳು ತೋರಿಸಿದೆ. ಅವರು ಬಿಡಲಿಲ್ಲ. ಪಟ ಅವರ ಕೈಯಲ್ಲಿ ನಡುಗುತ್ತಿತ್ತು. ರೊಷಾನ್ ಏನೋ ಹೇಳಲು ಹೊರಟ. ನಾನು ಬೇಡ ಎಂದು ತಲೆಯಾಡಿಸಿ, ಹೆಬ್ಬೆರಳನ್ನು ಹಾಗೇ ಹಿಡಿದು ಕಾದೆ. ಅವರು ಬಿಟ್ಟರು.

ಕಂಬಗಳವರೆಗೆ ಹೋದೆ. ನೀರುಕಾಗೆಗಳು ನನ್ನನ್ನು ಕಂಡು ಏಳಲೂ ಇಲ್ಲ, ಅಷ್ಟು ಮೆಲ್ಲಗೆ ಹೋಗಿದ್ದೆನೋ ಏನೋ. ತಿರುಗುವಾಗ ಒಂದು ಸಲ ಬಿದ್ದೆ, ಎದ್ದೆ. ಕಾಲುವೆ ದಾಟಿದೆ. ಇಷ್ಟನ್ನೂ ಅವರು ನೋಡುತ್ತಿರಬೇಕು, ಹೆಮ್ಮೆಯೋ ಹೆದರಿಕೆಯೋ ಮುಖದಲ್ಲಿ ಏನಿದೆ ನೋಡೋಣ ಎಂದು ದಡ ಸಮೀಪಿಸುತ್ತಾ ಹುಡುಕಿದೆ. ದಡದಲ್ಲಿ ಯಾರೂ ನಿಂತಿರಲಿಲ್ಲ.

ಶೆಡ್ಡಿನ ನೆರಳಲ್ಲಿ, ಪಟದ ಚೀಲವನ್ನು ತಲೆಗಿಟ್ಟುಕೊಂಡು ನಮ್ಮವರು ಅಂಗಾತ ಮಲಗಿದ್ದರು. ಬಾಯಿ ತೆರೆದಿತ್ತು. ಗೊರಕೆ ನೀರಿನವರೆಗೂ ಕೇಳುತ್ತಿತ್ತು. ನನ್ನ ಜೀವನದ ಅತಿ ದೊಡ್ಡ ಸವಾರಿಯನ್ನು ಅವರು ನೋಡಿರಲೇ ಇಲ್ಲ. ಒಂದು ಕ್ಷಣ ಮೈ ಉರಿಯಿತು. ಆಮೇಲೆ ಹೊಳೆಯಿತು: ಆಪರೇಷನ್ ಆದ ದಿನದಿಂದ, ನಾನು ಎಚ್ಚರವಿರುವಾಗ ಈ ಮನುಷ್ಯ ಕಣ್ಣು ಮುಚ್ಚಿದ್ದನ್ನು ನಾನು ನೋಡಿರಲಿಲ್ಲ.

ಎಬ್ಬಿಸಬೇಡ ಎಂದು ರೊಷಾನನಿಗೆ ಹೇಳಿ, ಗಾಳಿ ಇರುವಷ್ಟರಲ್ಲಿ ಇನ್ನೊಂದು ಸುತ್ತು ಹೊರಟೆ.